ಚುಕ್ಕೆಯೂ ಹೆಸರೂ: ಮೈಸೂರು ಸೀಮೆಯಲ್ಲಿ ಕ್ರೊಮ್ಯಾಟೊಗ್ರಫಿ ಮತ್ತು ಸಾವಯವ ಕ್ರಿಯೋತ್ಪನ್ನಗಳ ವಿಂಗಡಣೆ

ಸಾವಯವ ಕ್ರಿಯೆಯೊಂದು ಮುಗಿದ ಮೇಲೆ ಫ್ಲಾಸ್ಕಿನಲ್ಲಿ ಉಳಿಯುವುದು ಸಾಮಾನ್ಯವಾಗಿ ಒಂದೇ ವಸ್ತುವಲ್ಲ. ಬಯಸಿದ ಉತ್ಪನ್ನದ ಜೊತೆಗೆ ಕ್ರಿಯೆಗೆ ಒಳಗಾಗದೆ ಉಳಿದ ಮೂಲವಸ್ತು, ಅಡ್ಡಹಾದಿಯಲ್ಲಿ ಹುಟ್ಟಿದ ಉಪೋತ್ಪನ್ನ, ಬಿಸಿಗೆ ಒಡೆದುಹೋದ ಅಣುಗಳು, ಕೆಲವೊಮ್ಮೆ ಅಣುಸೂತ್ರ ಒಂದೇ ಆಗಿದ್ದು ರಚನೆಯಲ್ಲಷ್ಟೇ ಬೇರೆಯಾದ ಸಮಾಂಗಿಗಳು ಎಲ್ಲವೂ ಸೇರಿ ಒಂದು ಕಂದು ಎಣ್ಣೆಯಾಗಿರುತ್ತವೆ. ಹತ್ತೊಂಬತ್ತನೆಯ ಶತಮಾನದ ರಸಾಯನಜ್ಞರ ಕೈಯಲ್ಲಿ ಇದನ್ನು ಬಿಡಿಸಲು ಮುಖ್ಯವಾಗಿ ಎರಡು ಉಪಾಯಗಳಿದ್ದವು: ಬಟ್ಟಿ ಇಳಿಸುವುದು, ಹರಳುಗಟ್ಟಿಸುವುದು. ಕುದಿಬಿಂದುಗಳು ಹತ್ತಿರವಿದ್ದರೆ ಮೊದಲನೆಯದು ಸೋಲುತ್ತಿತ್ತು. ವಸ್ತು ಹರಳಾಗಲು ಒಪ್ಪದಿದ್ದರೆ ಎರಡನೆಯದು.

ಕ್ರೊಮ್ಯಾಟೊಗ್ರಫಿ ಈ ಎರಡರ ನಡುವಿನ ದೊಡ್ಡ ತೆರಪನ್ನು ತುಂಬಿತು. ಅದರ ತತ್ವ ಸರಳ. ಒಂದು ವಸ್ತು ನಿಂತಿರುತ್ತದೆ, ಇನ್ನೊಂದು ಅದರ ಮೇಲೆ ಹರಿಯುತ್ತದೆ. ಮಿಶ್ರಣದ ಪ್ರತಿಯೊಂದು ಘಟಕವೂ ನಿಂತದ್ದಕ್ಕೆ ಅಂಟಿಕೊಳ್ಳುವುದಕ್ಕೂ ಹರಿಯುವುದರ ಜೊತೆ ಸಾಗುವುದಕ್ಕೂ ನಡುವೆ ತನ್ನದೇ ಪ್ರಮಾಣದಲ್ಲಿ ಹಂಚಿಹೋಗುತ್ತದೆ. ಹೆಚ್ಚು ಅಂಟುವುದು ಹಿಂದೆ ಬೀಳುತ್ತದೆ, ಕಡಿಮೆ ಅಂಟುವುದು ಮುಂದೆ ಹೋಗುತ್ತದೆ. ಸಾಕಷ್ಟು ದೂರ ಸಾಗಿದರೆ ಎರಡೂ ಬೇರೆಯಾಗುತ್ತವೆ.

ಇಷ್ಟು ಸರಳವಾದ ತತ್ವದಲ್ಲಿ ಒಂದು ತೊಡಕು ಅಡಗಿದೆ. ಈ ವಿಧಾನ ಬೇರ್ಪಡಿಸುತ್ತದೆ, ಆದರೆ ಬೇರ್ಪಟ್ಟದ್ದಕ್ಕೆ ಹೆಸರು ಹೇಳುವುದಿಲ್ಲ. ಕಾಗದದ ಮೇಲೆ ಎರಡು ಚುಕ್ಕೆ ಕಂಡರೆ ಕನಿಷ್ಠ ಎರಡು ವಸ್ತುಗಳಿವೆ ಎಂದಷ್ಟೇ ಹೇಳಬಹುದು, ಅವು ಯಾವುವು ಎಂಬುದು ಬೇರೆಯದೇ ಪ್ರಶ್ನೆ. ಒಂದೇ ಚುಕ್ಕೆ ಕಂಡರೂ ಅದು ಒಂದೇ ವಸ್ತು ಎನ್ನಲು ಬಾರದು. ಮೈಸೂರು ಸೀಮೆಯಲ್ಲಿ ಈ ತಂತ್ರ ಬೆಳೆದ ಬಗೆ ಈ ತೊಡಕನ್ನು ಎತ್ತಿ ತೋರಿಸುತ್ತದೆ. ಇಲ್ಲಿ ಅದರ ಚರಿತ್ರೆ ಉಪಕರಣಗಳ ಚರಿತ್ರೆಗಿಂತ ಸರಕಿನ ಚರಿತ್ರೆ: ಶ್ರೀಗಂಧ, ಉಪ್ಪಾಗೆ, ಶುಂಠಿ, ಮೆಣಸಿನಕಾಯಿ.

ಒಟ್ಟು ಅಂಕಿಯ ಕಾಲ

ಮೊದಲ ಮಹಾಯುದ್ಧಕ್ಕೆ ಮುಂಚೆ ಮೈಸೂರು ಸಂಸ್ಥಾನದ ಶ್ರೀಗಂಧದ ಕೊರಡು ಹರಾಜಾಗಿ ಬಹುಪಾಲು ಜರ್ಮನಿಗೆ ಹೋಗುತ್ತಿತ್ತು. ಎಣ್ಣೆ ಅಲ್ಲಿ ತೆಗೆಯುತ್ತಿದ್ದರು. 1914ರಲ್ಲಿ ಯುದ್ಧ ಆರಂಭವಾದೊಡನೆ ಆ ಮಾರುಕಟ್ಟೆ ಮುಚ್ಚಿತು. ದಿವಾನರಾಗಿದ್ದ ಎಂ. ವಿಶ್ವೇಶ್ವರಯ್ಯನವರ ಆಡಳಿತ ಎಣ್ಣೆಯನ್ನು ಇಲ್ಲೇ ತೆಗೆಯುವ ನಿರ್ಧಾರ ಮಾಡಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜೆ. ಜೆ. ಸಡ್‌ಬರೋ ಮತ್ತು ಎಚ್. ಇ. ವಾಟ್ಸನ್ ಹಬೆ ಹಾಯಿಸಿ ಎಣ್ಣೆ ಬಟ್ಟಿ ಇಳಿಸುವ ಪ್ರಯೋಗ ನಡೆಸಿದರು. ಅದರ ಬೆನ್ನಿಗೆ 1916ರಲ್ಲಿ ಬೆಂಗಳೂರಿನಲ್ಲೂ 1917ರಲ್ಲಿ ಮೈಸೂರಿನಲ್ಲೂ ಎಣ್ಣೆ ಕಾರ್ಖಾನೆಗಳು ಬಂದವು. ಮೈಸೂರಿನದು ಇಂದಿಗೂ ಮಾನಂದವಾಡಿ ರಸ್ತೆಯಲ್ಲಿದೆ.

ಎಣ್ಣೆ ತೆಗೆದದ್ದಾಯಿತು, ಅದರ ಗುಣಮಟ್ಟವನ್ನು ಕೊಳ್ಳುವವನಿಗೆ ಖಾತ್ರಿಪಡಿಸುವುದು ಹೇಗೆ? ಆಗ ಶ್ರೀಗಂಧದ ಎಣ್ಣೆ ಸುಗಂಧ ಮಾತ್ರವಲ್ಲ, ಬ್ರಿಟಿಷ್ ಫಾರ್ಮಕೋಪಿಯಾದಲ್ಲಿದ್ದ ಔಷಧಿಯೂ ಹೌದು. ಸಾಂದ್ರತೆ, ಬೆಳಕಿನ ತಲವನ್ನು ತಿರುಗಿಸುವ ಕೋನ, ಶೇ. 70ರ ಆಲ್ಕೊಹಾಲಿನಲ್ಲಿ ಕರಗುವ ಪ್ರಮಾಣ ಇವನ್ನು ಅಳೆಯುತ್ತಿದ್ದರು. ಎಲ್ಲಕ್ಕಿಂತ ಮುಖ್ಯವಾಗಿ ಅಸಿಟೈಲೀಕರಣ ಪರೀಕ್ಷೆ ಇತ್ತು. ಎಣ್ಣೆಯನ್ನು ಅಸಿಟಿಕ್ ಅನ್‌ಹೈಡ್ರೈಡ್ ಮತ್ತು ಸೋಡಿಯಂ ಅಸಿಟೇಟ್ ಜೊತೆ ಕುದಿಸಿದರೆ ಅದರಲ್ಲಿರುವ ಸಾಂಟಲಾಲ್ ಎಂಬ ಆಲ್ಕೊಹಾಲು ಸಾಂಟಲೈಲ್ ಅಸಿಟೇಟ್ ಆಗುತ್ತದೆ. ಉಳಿದ ಆಮ್ಲವನ್ನು ತೊಳೆದು, ಆ ಎಸ್ಟರನ್ನು ಗೊತ್ತಾದ ಪ್ರಮಾಣದ ಆಲ್ಕೊಹಾಲಿಕ್ ಪೊಟ್ಯಾಷ್‌ನಲ್ಲಿ ಮತ್ತೆ ಒಡೆದು, ಎಷ್ಟು ಪೊಟ್ಯಾಷ್ ಖರ್ಚಾಯಿತೆಂದು ಅನುಮಾಪನದಿಂದ ಲೆಕ್ಕ ಹಾಕುತ್ತಿದ್ದರು. ಎಣ್ಣೆಯ ತೂಕದಲ್ಲಿ ಶೇ. 90ಕ್ಕೆ ಕಡಿಮೆಯಿಲ್ಲದ ಸಾಂಟಲಾಲ್ ಇದ್ದರೆ ಅದು ಒಳ್ಳೆಯ ಎಣ್ಣೆ.

ಪರೀಕ್ಷೆ ಅಚ್ಚುಕಟ್ಟಾದದ್ದು, ಆದರೆ ಅದರ ಕುರುಡು ಸ್ಥಳವೂ ದೊಡ್ಡದು. ಸಾಂಟಲಾಲ್ ಎಂಬುದು ಒಂದು ವಸ್ತುವಲ್ಲ. ಆಲ್ಫಾ ಸಾಂಟಲಾಲ್ ಮೂರು ಉಂಗುರಗಳ, ಒಂದೇ ದ್ವಿಬಂಧದ ಅಣು. ಬೀಟಾ ಸಾಂಟಲಾಲ್ ಎರಡು ಉಂಗುರಗಳ, ಎರಡು ದ್ವಿಬಂಧಗಳ ಅಣು. ಎರಡಕ್ಕೂ ಸೂತ್ರ ಒಂದೇ, ಸಿ15ಎಚ್24ಒ. ಎರಡೂ ಪ್ರಾಥಮಿಕ ಆಲ್ಕೊಹಾಲುಗಳೇ ಆದ್ದರಿಂದ ಒಂದೊಂದು ಅಣುವೂ ಒಂದೊಂದು ಅಸಿಟೈಲ್ ಗುಂಪನ್ನು ಹೊರುತ್ತದೆ, ಅಷ್ಟೇ ಪೊಟ್ಯಾಷನ್ನು ಬೇಡುತ್ತದೆ. ಅನುಮಾಪನದ ನಳಿಗೆಗೆ ಇವೆರಡರ ನಡುವೆ ಯಾವ ಭೇದವೂ ಕಾಣುವುದಿಲ್ಲ. ಮೂಗಿಗೆ ಮಾತ್ರ ಭೇದ ಉಂಟು: ಗಂಧದ ಪರಿಮಳವೆಂದು ಜನ ಗುರುತಿಸುವುದು ಹೆಚ್ಚಾಗಿ ಬೀಟಾ ಸಾಂಟಲಾಲಿನಿಂದ ಬರುವ ವಾಸನೆಯನ್ನು. ಬೇರೊಂದು ಅಗ್ಗದ ಆಲ್ಕೊಹಾಲನ್ನು ಎಣ್ಣೆಗೆ ಬೆರೆಸಿದರೂ ಆ ಒಟ್ಟು ಅಂಕಿ ಕೆಡದೇ ಇರಬಹುದು. ಹೀಗೆ ಸುಮಾರು ಅರ್ಧ ಶತಮಾನ ಮೈಸೂರಿನ ಹೆಸರಾಂತ ಸರಕು ಒಂದೇ ಒಂದು ಒಟ್ಟು ಅಂಕಿಯ ಬಲದ ಮೇಲೆ ಲೋಕವೆಲ್ಲ ಸುತ್ತಿತು.

ವಾರ್ಸಾದಿಂದ ಲೀಡ್ಸ್‌ಗೆ

ಶ್ರೀಗಂಧದ ಕಾರ್ಖಾನೆ ಬರುವ ಹೊತ್ತಿಗೆ ಬೇರ್ಪಡಿಸುವ ವಿಧಾನ ಹುಟ್ಟಿ ಹತ್ತು ವರ್ಷ ದಾಟಿತ್ತು, ಯಾರೂ ಅದನ್ನು ಗಣನೆಗೆ ತೆಗೆದುಕೊಂಡಿರಲಿಲ್ಲ ಅಷ್ಟೆ. ರಷ್ಯದ ಸಸ್ಯವಿಜ್ಞಾನಿ ಮಿಖಾಯಿಲ್ ಟ್ಸ್ವೆಟ್ 1903ರಲ್ಲಿ ವಾರ್ಸಾದಲ್ಲಿ ಈ ಬಗ್ಗೆ ಉಪನ್ಯಾಸ ಕೊಟ್ಟು, 1906ರಲ್ಲಿ ಜರ್ಮನ್ ಸಸ್ಯವಿಜ್ಞಾನ ಪತ್ರಿಕೆಯಲ್ಲಿ ವಿವರಗಳನ್ನು ಪ್ರಕಟಿಸಿದರು. ಗಾಜಿನ ನಳಿಗೆಯಲ್ಲಿ, ಅಂದರೆ ಕಾಲಂನಲ್ಲಿ, ಸುಣ್ಣದ ಕಾರ್ಬನೇಟಿನ ಪುಡಿ ತುಂಬಿ, ಮೇಲಿನಿಂದ ಎಲೆಯ ಸಾರ ಸುರಿದು, ಶುದ್ಧ ದ್ರಾವಕ ಹಾಯಿಸಿದಾಗ ಹಸಿರು, ಹಳದಿ ಪಟ್ಟಿಗಳು ಬೇರೆಬೇರೆಯಾಗಿ ಇಳಿದವು. ಆದರೆ ಕ್ಲೋರೊಫಿಲ್ ಸಂಶೋಧನೆಯಲ್ಲಿ ಆಗ ದೊಡ್ಡ ಹೆಸರಾಗಿದ್ದ ರಿಚರ್ಡ್ ವಿಲ್‌ಸ್ಟೆಟರ್ ಅವರಿಗೆ ಈ ವಿಧಾನದಲ್ಲಿ ನಂಬಿಕೆ ಹುಟ್ಟಲಿಲ್ಲ. ಪುಡಿಯ ಮೇಲೆ ಹಾಯುವಾಗ ವರ್ಣದ್ರವ್ಯ ತಾನೇ ಬದಲಾಗಿಬಿಡಬಹುದೆಂಬ ಶಂಕೆ ಆ ಕಾಲದ್ದು. ಶಂಕೆ ಪೂರ್ತಿ ಸುಳ್ಳೂ ಅಲ್ಲ. ಆದರೂ ಅದರ ಬೆಲೆ ಕಾಲು ಶತಮಾನ. 1931ರಲ್ಲಿ ಹೈಡೆಲ್‌ಬರ್ಗ್‌ನ ರಿಚರ್ಡ್ ಕುನ್, ಎಡ್ಗರ್ ಲೆಡೆರರ್ ಮತ್ತು ಸಂಗಡಿಗರು ಕೆರೋಟಿನಾಯ್ಡ್‌ಗಳನ್ನು ಇದೇ ವಿಧಾನದಿಂದ ಬೇರ್ಪಡಿಸಿ ತೋರಿಸಿದ ಮೇಲೆ ಸಾವಯವ ರಸಾಯನಜ್ಞರು ಕಾಲಂ ಕಡೆಗೆ ತಿರುಗಿದರು.

ಎರಡನೆಯ ತಿರುವು ಬಂದದ್ದು ಇಂಗ್ಲೆಂಡಿನ ಲೀಡ್ಸ್‌ನ ಉಣ್ಣೆ ಸಂಶೋಧನಾಲಯದಿಂದ. ಆರ್ಚರ್ ಮಾರ್ಟಿನ್ ಮತ್ತು ರಿಚರ್ಡ್ ಸಿಂಜ್ 1941ರಲ್ಲಿ ಉಣ್ಣೆಯ ಪ್ರೋಟೀನನ್ನು ಒಡೆದು ಬಂದ ಅಮೈನೋ ಆಮ್ಲಗಳನ್ನು ಅಸಿಟೈಲೀಕರಿಸಿ, ನೀರು ಹಿಡಿದಿಟ್ಟ ಸಿಲಿಕಾ ಜೆಲ್ ಮೇಲೆ ಕ್ಲೋರೊಫಾರ್ಮ್ ಹಾಯಿಸಿ ವಿಂಗಡಿಸಿದರು. ಇಲ್ಲಿ ಬೇರೆಯಾದದ್ದು ಪ್ರಕೃತಿಯಲ್ಲಿದ್ದ ಅಮೈನೋ ಆಮ್ಲವಲ್ಲ, ಪ್ರಯೋಗಾಲಯದ ಕ್ರಿಯೆಯಿಂದ ಬಂದ ಅದರ ಅಸಿಟೈಲ್ ಉತ್ಪನ್ನ ಎಂಬುದು ಗಮನಾರ್ಹ. 1944ರಲ್ಲಿ ಕಾನ್ಸ್‌ಡೆನ್, ಗೋರ್ಡನ್ ಮತ್ತು ಮಾರ್ಟಿನ್ ಸಿಲಿಕಾದ ಬದಲು ಶೋಧಕ ಕಾಗದ ಬಳಸಿದರು. ಅಲ್ಲಿಂದಾಚೆಗೆ ಈ ತಂತ್ರಕ್ಕೆ ಬಡ ಪ್ರಯೋಗಾಲಯವೂ ಸಾಕಾಯಿತು. ಮಾರ್ಟಿನ್ ಮತ್ತು ಸಿಂಜ್ 1952ರಲ್ಲಿ ನೊಬೆಲ್ ಪಡೆದರು.

ಪೆಟ್ರಿ ತಟ್ಟೆಯ ನಡುವೆ

ಹೊಸದಾಗಿ ಸ್ವತಂತ್ರವಾದ ದೇಶದ ಪ್ರಯೋಗಾಲಯಗಳಿಗೆ ಕಾಗದದ ವಿಧಾನ ವರವಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನ ವಿಭಾಗದಲ್ಲಿ ಕೆ. ವಿ. ಗಿರಿ ಮತ್ತು ಸಹೋದ್ಯೋಗಿಗಳು 1950ರ ದಶಕದ ಆರಂಭದಲ್ಲಿ ವೃತ್ತಾಕಾರದ ಕಾಗದ ಕ್ರೊಮ್ಯಾಟೊಗ್ರಫಿಯನ್ನು ಬೆಳೆಸಿದರು. ಈ ಕಲ್ಪನೆಯ ಬೀಜ 1948ರಲ್ಲಿ ಎಲ್. ರಟ್ಟರ್ ಪ್ರಕಟಿಸಿದ ಟಿಪ್ಪಣಿಯಲ್ಲಿತ್ತು. ಅದನ್ನು ಅಮೈನೋ ಆಮ್ಲಗಳಿಗೆ ದಿನನಿತ್ಯ ಬಳಸಬಹುದಾದ ವಿಧಾನವಾಗಿ ತಿದ್ದಿದ ಶ್ರೇಯಸ್ಸಿನಲ್ಲಿ ಬೆಂಗಳೂರಿಗೆ ದೊಡ್ಡ ಪಾಲಿದೆ. 1952ರಲ್ಲಿ ‘ನೇಚರ್’ ಪತ್ರಿಕೆಯಲ್ಲೂ ಸಂಸ್ಥೆಯ ಸ್ವಂತ ಪತ್ರಿಕೆಯಲ್ಲೂ ಇದು ಪ್ರಕಟವಾಯಿತು.

ಬೇಕಾದದ್ದು ಎರಡು ಪೆಟ್ರಿ ತಟ್ಟೆ, ಒಂದು ದುಂಡು ಶೋಧಕ ಕಾಗದ. ಕಾಗದದ ಮಧ್ಯದಲ್ಲಿ ಪೆನ್ಸಿಲಿನಿಂದ ಸಣ್ಣ ವೃತ್ತ ಎಳೆದು, ಆ ಗೆರೆಯ ಮೇಲೆ ಸುತ್ತಲೂ ಬೇರೆಬೇರೆ ದ್ರಾವಣಗಳ ಹನಿಗಳನ್ನು ಇಡುತ್ತಾರೆ. ಕೇಂದ್ರದ ತೂತಿಗೆ ಅದೇ ಕಾಗದದ ಬತ್ತಿಯೊಂದನ್ನು ಸಿಕ್ಕಿಸುತ್ತಾರೆ. ಬತ್ತಿಯ ತುದಿ ಕೆಳತಟ್ಟೆಯಲ್ಲಿರುವ ಬ್ಯುಟನಾಲ್, ಅಸಿಟಿಕ್ ಆಮ್ಲ, ನೀರಿನ ಮಿಶ್ರಣದಲ್ಲಿ ಅದ್ದಿರುತ್ತದೆ. ಮೇಲೊಂದು ತಟ್ಟೆ ಕವುಚುತ್ತಾರೆ. ದ್ರಾವಕ ಬತ್ತಿಯಲ್ಲಿ ಏರಿ ಕೇಂದ್ರದಿಂದ ಅಂಚಿನತ್ತ ವೃತ್ತವಾಗಿ ಹರಡುತ್ತದೆ. ಹೊರಗೆ ಸಾಗಿದಂತೆ ಪ್ರತಿ ಹನಿಯೂ ಚುಕ್ಕೆಯಾಗಿ ಉಳಿಯದೆ ತೆಳ್ಳನೆಯ ಕಮಾನುಗಳಾಗಿ ಬಿಡಿಸಿಕೊಳ್ಳುತ್ತದೆ. ಕಾಗದ ಒಣಗಿಸಿ, ನಿನ್‌ಹೈಡ್ರಿನ್ ಹಚ್ಚಿ, ಬಿಸಿ ಮಾಡಿದರೆ ಅಮೈನೋ ಆಮ್ಲಗಳು ನೇರಳೆ ಗೆರೆಗಳಾಗಿಯೂ ಪ್ರೋಲೀನ್ ಹಳದಿಯಾಗಿಯೂ ಎದ್ದು ಕಾಣುತ್ತವೆ. ಗೊತ್ತಿರುವ ಮಾದರಿ, ಗೊತ್ತಿಲ್ಲದ ಮಾದರಿ ಒಂದೇ ಕಾಗದದ ಮೇಲೆ, ಒಂದೇ ದ್ರಾವಕದಲ್ಲಿ, ಒಂದೇ ಉಷ್ಣತೆಯಲ್ಲಿ ಸಾಗುವುದರಿಂದ ಹೋಲಿಕೆ ನಂಬಲರ್ಹವಾಗುತ್ತದೆ. ಎತ್ತರದ ಗಾಜಿನ ತೊಟ್ಟಿ ಬೇಡ, ರಾತ್ರಿಯಿಡೀ ಕಾಯುವುದೂ ಬೇಡ.

ಅದೇ ವಿಭಾಗದಿಂದ ಕ್ರೊಮ್ಯಾಟೊಗ್ರಫಿಯ ನೆರವಿನಿಂದ ಬಂದ ಇನ್ನೊಂದು ಫಲವನ್ನು ಇಲ್ಲಿ ಹೇಳಬೇಕು. ಕೇಸರಿ ಬೇಳೆಯನ್ನೇ ತಿಂದು ಬದುಕುವ ಬಡವರಲ್ಲಿ ಕಾಲುಗಳು ಸೆಟೆದು ನಿಲ್ಲುವ ಲ್ಯಾಥಿರಿಸಂ ರೋಗಕ್ಕೆ ಕಾರಣವಾದ ನರವಿಷವನ್ನು ಎಸ್. ಎಲ್. ಎನ್. ರಾವ್, ಪಿ. ಆರ್. ಅಡಿಗ ಮತ್ತು ಪಿ. ಎಸ್. ಶರ್ಮ 1964ರಲ್ಲಿ ಬೀಜದಿಂದ ಬೇರ್ಪಡಿಸಿ, ಅದರ ರಚನೆಯನ್ನು ತಿಳಿಸಿದರು. ಅದು ಪ್ರೋಟೀನಿನಲ್ಲಿ ಸಿಗದ ಅಮೈನೋ ಆಮ್ಲ. ಬೇರ್ಪಡಿಸುವುದಕ್ಕೆ ಸಮನಾಗಿ ರಚನೆ ಸಾಧಿಸುವುದಕ್ಕೂ ಶ್ರಮ ಪಟ್ಟದ್ದರಿಂದಲೇ ಅದಕ್ಕೆ ಖಚಿತ ಹೆಸರು ಸಿಕ್ಕಿತು.

ಉಪ್ಪಾಗೆಯ ಎರಡು ಚುಕ್ಕೆ

ಮೈಸೂರಿನ ಚೆಲುವಾಂಬ ವಿಲಾಸ ಅರಮನೆಯಲ್ಲಿ 1950ರ ಅಕ್ಟೋಬರ್ 21ರಂದು ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯ, ಜನರ ಬಾಯಲ್ಲಿ ಸಿಎಫ್‌ಟಿಆರ್‌ಐ, ಆರಂಭವಾಯಿತು. ಮೊದಲ ನಿರ್ದೇಶಕ ವಿ. ಸುಬ್ರಹ್ಮಣ್ಯನ್ ಬೆಂಗಳೂರಿನ ಅದೇ ಜೀವರಸಾಯನ ವಿಭಾಗದಿಂದ ಬಂದವರು. ಕಾಗದ ಕ್ರೊಮ್ಯಾಟೊಗ್ರಫಿ ಇಲ್ಲಿ ಬೇರೂರಲು ಇಂಥ ನಂಟುಗಳು ನೆರವಾಗಿರಬೇಕು. ಈ ಸಂಸ್ಥೆಯಲ್ಲಿ ನಡೆದ ಕೆಲಸಗಳಲ್ಲಿ ಉಪ್ಪಾಗೆ ಹುಳಿಯ ಪ್ರಕರಣ ಕ್ರೊಮ್ಯಾಟೊಗ್ರಫಿಯ ಶಕ್ತಿ ಮತ್ತು ಮಿತಿ ಎರಡನ್ನೂ ಒಟ್ಟಿಗೆ ತೋರಿಸುವಂಥದು.

ಉಪ್ಪಾಗೆ ಪಶ್ಚಿಮ ಘಟ್ಟದ ಮರ, ಮುರುಗಲಿನ ಸೋದರ ಜಾತಿ. ಉತ್ತರ ಕನ್ನಡದಲ್ಲಿ ಮಳೆಗಾಲದಲ್ಲಿ ಹಣ್ಣು ಆರಿಸಿ, ಸಿಪ್ಪೆಯನ್ನು ಬೆಂಕಿಯ ಮೇಲೆ ಒಣಗಿಸಿ ಮಾರುತ್ತಾರೆ. ಕೇರಳದಲ್ಲಿ ಅದು ಮೀನಿನ ಸಾರಿಗೆ ಬೀಳುವ ಕುಡಂಪುಳಿ. ಮೈಸೂರಿನ ನೆರೆಯ ಕೊಡಗಿನಲ್ಲಿ ಅದರ ರಸವನ್ನು ಕಪ್ಪಗೆ ಮಂದವಾಗುವವರೆಗೆ ಕುದಿಸಿ ಇಳಿಸಿದ ಕಾಚಂಪುಳಿ ಇಲ್ಲದೆ ಪಂದಿ ಕರಿ ಇಲ್ಲ. ಇಷ್ಟು ಬಳಕೆಯಲ್ಲಿದ್ದ ಹುಳಿ ಯಾವ ಆಮ್ಲದ್ದು? ಹಳೆಯ ವರದಿಗಳು ಟಾರ್ಟಾರಿಕ್ ಎಂದವು, ಸಿಟ್ರಿಕ್ ಎಂದವು. ಹುಣಸೆಯಲ್ಲಿ ಮೊದಲನೆಯದು, ನಿಂಬೆಯಲ್ಲಿ ಎರಡನೆಯದು ಇರುವುದರಿಂದ ಇಲ್ಲೂ ಅವೇ ಇರಬೇಕೆಂಬ ಊಹೆ ಸಹಜವಾಗಿಯೇ ಬರುತ್ತಿತ್ತು.

ಕಾಗದದ ಮೇಲೆ ಉಪ್ಪಾಗೆಯ ಸಾರ ಎರಡು ಆಮ್ಲ ಚುಕ್ಕೆಗಳನ್ನು ಕೊಡುತ್ತದೆ. ಅವು ನಿಲ್ಲುವ ಜಾಗವೂ ಟಾರ್ಟಾರಿಕ್ ಮತ್ತು ಸಿಟ್ರಿಕ್ ಆಮ್ಲಗಳ ಜಾಗಕ್ಕೆ ಹತ್ತಿರ. ಅವಸರದ ಓದುಗನಿಗೆ ಇದು ಹಳೆಯ ವರದಿಗಳಿಗೆ ಮೊಹರು ಒತ್ತಿದಂತೆಯೇ ಕಾಣಬಹುದು. ಸಿಎಫ್‌ಟಿಆರ್‌ಐಯ ವೈ. ಎಸ್. ಲೂಯಿಸ್ ಮತ್ತು ಎಸ್. ನೀಲಕಂಠನ್ ಅಷ್ಟಕ್ಕೇ ನಿಲ್ಲಲಿಲ್ಲ. ಆಮ್ಲವನ್ನು ತೂಗುವಷ್ಟು ಪ್ರಮಾಣದಲ್ಲಿ ಪ್ರತ್ಯೇಕಿಸಿ, ರಾಸಾಯನಿಕ ಪರೀಕ್ಷೆಗಳಿಗೂ ರೋಹಿತ ಪರೀಕ್ಷೆಗೂ ಒಳಪಡಿಸಿ, ಉಪ್ಪಾಗೆಯ ಮುಖ್ಯ ಆಮ್ಲ ಋಣ ಹೈಡ್ರಾಕ್ಸಿಸಿಟ್ರಿಕ್ ಆಮ್ಲವೆಂದು 1965ರಲ್ಲಿ ‘ಫೈಟೋಕೆಮಿಸ್ಟ್ರಿ’ ಪತ್ರಿಕೆಯಲ್ಲಿ ಪ್ರಕಟಿಸಿದರು. ಅದು ಸಿಟ್ರಿಕ್ ಆಮ್ಲದ ಬೆನ್ನಿಗೆ ಇನ್ನೊಂದು ಹೈಡ್ರಾಕ್ಸಿಲ್ ಸೇರಿದ ಅಣು.

ಹಾಗಾದರೆ ಚುಕ್ಕೆಗಳು ಎರಡು ಏಕೆ? ಉತ್ತರ ಅಣುವಿನ ಒಳಗೇ ಇದೆ. ಹೈಡ್ರಾಕ್ಸಿಸಿಟ್ರಿಕ್ ಆಮ್ಲದಲ್ಲಿ ಹೈಡ್ರಾಕ್ಸಿಲ್ ಗುಂಪೂ ಕಾರ್ಬಾಕ್ಸಿಲ್ ಗುಂಪೂ ಸರಿಯಾದ ದೂರದಲ್ಲಿವೆ. ದ್ರಾವಣವನ್ನು ಬಿಸಿಮಾಡಿ ಗಟ್ಟಿಯಾಗಿಸಿದಾಗ ಅವೆರಡೂ ನೀರನ್ನು ಕಳೆದುಕೊಂಡು ಕೂಡಿ, ಐದು ಪರಮಾಣುಗಳ ಉಂಗುರವಾಗಿ ಲ್ಯಾಕ್ಟೋನ್ ಆಗುತ್ತವೆ. ಆಮ್ಲದ ಅಣುತೂಕ 208. 18 ಕಳೆದ ಲ್ಯಾಕ್ಟೋನಿನದು 190. ಅಂದರೆ ಎರಡನೆಯ ಚುಕ್ಕೆ ಇನ್ನೊಂದು ಹುಳಿಯದಲ್ಲ, ಮೊದಲನೆಯದರಿಂದಲೇ ಹುಟ್ಟಿದ ಕ್ರಿಯೋತ್ಪನ್ನದ್ದು. ಸಿಪ್ಪೆಯನ್ನು ಹೊಗೆಯಲ್ಲಿ ಒಣಗಿಸುವಾಗಲೂ ರಸವನ್ನು ಕಾಚಂಪುಳಿಯಾಗಿ ಕಾಯಿಸುವಾಗಲೂ ಇದೇ ಕ್ರಿಯೆ ನಡೆಯುತ್ತಿರುತ್ತದೆ. ಕಾಗದ ಸುಳ್ಳು ಹೇಳಿರಲಿಲ್ಲ. ಅದಕ್ಕೆ ಕೇಳದ ಪ್ರಶ್ನೆಗೆ ಉತ್ತರ ಓದಿಕೊಂಡದ್ದು ಹಿಂದಿನವರ ತಪ್ಪು.

ಈ ಗುರುತಿಸುವಿಕೆಯ ಪರಿಣಾಮ ದೂರ ಹೋಯಿತು. ಅಮೆರಿಕದ ಬ್ರಾಂಡೈಸ್ ವಿಶ್ವವಿದ್ಯಾಲಯದ ಜಾನ್ ಲೋವೆನ್‌ಸ್ಟೈನ್ ಮತ್ತು ಸಂಗಡಿಗರು 1969ರಲ್ಲಿ ಈ ಆಮ್ಲ, ದೇಹದಲ್ಲಿ ಸಿಟ್ರೇಟನ್ನು ಕೊಬ್ಬಿನ ತಯಾರಿಗೆ ಒಡೆಯುವ ಕಿಣ್ವವನ್ನು ಬಲವಾಗಿ ತಡೆಯುತ್ತದೆಂದು ತೋರಿಸಿದರು. ಮುಂದೆ ತೂಕ ಇಳಿಸುವ ಮಾತ್ರೆಗಳ ವ್ಯಾಪಾರ ಬೆಳೆದು ಮಲೆನಾಡಿನ ಉಪ್ಪಾಗೆಗೆ ಹೊರದೇಶದ ಗಿರಾಕಿ ಬಂದದ್ದು ಇದರಿಂದ. ಆ ಮಾತ್ರೆಗಳ ಪ್ರಯೋಜನದ ಬಗ್ಗೆ ವೈದ್ಯಕೀಯ ಪುರಾವೆ ದುರ್ಬಲವೆಂಬುದು ಬೇರೆ ವಿಷಯ. ರಫ್ತಿಗೆ ಬೇಕಾದ ಲೆಕ್ಕಕ್ಕೆ ಕಾಗದ ಸಾಲದಾಯಿತು. ಆಮ್ಲವೆಷ್ಟು, ಲ್ಯಾಕ್ಟೋನ್ ಎಷ್ಟು ಎಂದು ಬೇರೆಬೇರೆಯಾಗಿ ಅಳೆಯಬೇಕು. 1998ರಲ್ಲಿ ಸಿಎಫ್‌ಟಿಆರ್‌ಐಯ ಜಿ. ಕೆ. ಜಯಪ್ರಕಾಶ ಮತ್ತು ಕೆ. ಕೆ. ಸಕರಿಯಾ ಉಪ್ಪಾಗೆಯ ಸಾವಯವ ಆಮ್ಲಗಳನ್ನು ಎಚ್‌ಪಿಎಲ್‌ಸಿಯಿಂದ ಅಳೆಯುವ ವಿಧಾನವನ್ನು ಪ್ರಕಟಿಸಿದರು. ಅಲ್ಲಿ ದ್ರಾವಕವನ್ನು ಪಂಪಿನಿಂದ ಹೆಚ್ಚಿನ ಒತ್ತಡದಲ್ಲಿ ಸಣ್ಣ ಕಣಗಳ ಕಾಲಂ ಮೂಲಕ ಹಾಯಿಸಲಾಗುತ್ತದೆ. ಹೊರಬರುವ ಪ್ರತಿ ಘಟಕವೂ ಪಟದ ಮೇಲೆ ಶಿಖರವಾಗಿ ಮೂಡುತ್ತದೆ, ಶಿಖರದ ವಿಸ್ತೀರ್ಣವೇ ಪ್ರಮಾಣ.

ಖಾರದ ಲೆಕ್ಕ

ಸಾಂಬಾರ ಪದಾರ್ಥಗಳ ಮೇಲೆ ಇದೇ ಸಂಸ್ಥೆಯ ವಿ. ಎಸ್. ಗೋವಿಂದರಾಜನ್ ಮತ್ತು ತಂಡ ಮಾಡಿದ ಕೆಲಸ ವಿಸ್ತಾರವಾದದ್ದು. ಕಾಳುಮೆಣಸು, ಶುಂಠಿ, ಮೆಣಸಿನಕಾಯಿಗಳ ಕುರಿತು ಅವರು 1977ರಿಂದ ಬರೆದ ದೀರ್ಘ ಸಮೀಕ್ಷೆಗಳನ್ನು ಇಂದಿಗೂ ಆಧಾರವಾಗಿ ಬಳಸುತ್ತಾರೆ. ಖಾರವನ್ನು ಅದುವರೆಗೆ ನಾಲಗೆಯಿಂದಲೇ ಅಳೆಯುತ್ತಿದ್ದರು. 1912ರ ಸ್ಕೋವಿಲ್ ವಿಧಾನದಲ್ಲಿ ಸಾರವನ್ನು ಸಕ್ಕರೆ ನೀರಿನಲ್ಲಿ ತೆಳುಮಾಡುತ್ತಾ, ಖಾರ ಮಾಯವಾಗುವ ಹಂತವನ್ನು ರುಚಿ ನೋಡುವವರು ಹೇಳುತ್ತಿದ್ದರು. ಮೈಸೂರಿನ ತಂಡ ನಾಲಗೆಯನ್ನು ಕೈಬಿಡಲಿಲ್ಲ, ಅದಕ್ಕೆ ಕ್ರೊಮ್ಯಾಟೊಗ್ರಫಿಯನ್ನು ಜೋಡಿಸಿತು: ಮೊದಲು ಘಟಕಗಳನ್ನು ಬೇರ್ಪಡಿಸು, ಆಮೇಲೆ ಒಂದೊಂದರ ಖಾರ ನೋಡು.

ಶುಂಠಿಯಲ್ಲಿ ಇದು ಸಾವಯವ ಕ್ರಿಯೆಯ ಪಾಠವೇ ಆಗುತ್ತದೆ. ಹಸಿಶುಂಠಿಯ ಖಾರ ಮುಖ್ಯವಾಗಿ ಜಿಂಜೆರಾಲ್‌ಗಳದ್ದು. ಒಣಗಿಸುವಾಗ, ಸಾರ ತೆಗೆಯುವಾಗ, ದಾಸ್ತಾನಿನಲ್ಲಿ ಇಟ್ಟಾಗ ಜಿಂಜೆರಾಲ್ ಒಂದು ನೀರಿನ ಅಣುವನ್ನು ಕಳೆದುಕೊಂಡು ಶೋಗಾಲ್ ಆಗುತ್ತದೆ. ಹೆಚ್ಚು ಬಿಸಿಯಾದರೆ ಅಣು ನಡುವೆ ಮುರಿದು ಜಿಂಜೆರೋನ್ ಮತ್ತು ಒಂದು ಆಲ್ಡಿಹೈಡ್ ಹುಟ್ಟುತ್ತವೆ. ಶೋಗಾಲ್ ಜಿಂಜೆರಾಲ್‌ಗಿಂತ ಹೆಚ್ಚು ಖಾರ, ಜಿಂಜೆರೋನ್ ಕಡಿಮೆ. ಸಿಲಿಕಾ ಪದರದ ಮೇಲೆ ಜಿಂಜೆರಾಲ್ ಕೆಳಗೆ, ಒಂದು ಹೈಡ್ರಾಕ್ಸಿಲ್ ಕಳೆದುಕೊಂಡ ಶೋಗಾಲ್ ಮೇಲೆ ನಿಲ್ಲುತ್ತದೆ. ಎರಡು ಚುಕ್ಕೆಗಳ ಪ್ರಮಾಣ ನೋಡಿದರೆ ಆ ಶುಂಠಿ ಅಥವಾ ಅದರ ಸಾರವಾದ ಓಲಿಯೋರೆಸಿನ್ ಎಷ್ಟು ಬೆಂದಿದೆ, ಎಷ್ಟು ಹಳತಾಗಿದೆ ಎಂದು ಹೇಳಬಹುದು.

ಮೆಣಸಿನಕಾಯಿಯಲ್ಲಿ ಅದೇ ಸಿಲಿಕಾ ಪದರ ಕೈಕೊಡುತ್ತದೆ. ಕ್ಯಾಪ್ಸೈಸಿನ್ ಮತ್ತು ಡೈಹೈಡ್ರೋಕ್ಯಾಪ್ಸೈಸಿನ್ ನಡುವೆ ಇರುವುದು ಒಂದೇ ದ್ವಿಬಂಧದ ವ್ಯತ್ಯಾಸ. ಸಾಮಾನ್ಯ ಸಿಲಿಕಾದಲ್ಲಿ ಎರಡೂ ಒಂದೇ ಚುಕ್ಕೆಯಾಗಿ ಸಾಗುತ್ತವೆ. ನೀರನ್ನು ದೂರವಿಡುವ ಉದ್ದ ಸರಪಳಿಗಳನ್ನು ಹೊದಿಸಿದ ಸಿಲಿಕಾದಲ್ಲಿ ಅವು ಬಿಡಿಬಿಡಿಯಾಗುತ್ತವೆ. ಎಚ್‌ಪಿಎಲ್‌ಸಿ ಈ ಕ್ಷೇತ್ರಕ್ಕೆ ಅನಿವಾರ್ಯವಾದದ್ದು ಹೀಗೆ.

ಅನಿಲದಲ್ಲಿ ಗಂಧ

ಎ. ಟಿ. ಜೇಮ್ಸ್ ಮತ್ತು ಮಾರ್ಟಿನ್ 1952ರಲ್ಲಿ ಹರಿಯುವ ದ್ರಾವಕದ ಜಾಗಕ್ಕೆ ಅನಿಲವನ್ನು ತಂದರು. ಆವಿಯಾಗಬಲ್ಲ ವಸ್ತುಗಳಿಗೆ ಇದಕ್ಕಿಂತ ಹದವಾದ ವಿಧಾನ ಮತ್ತೊಂದಿಲ್ಲ, ಸುಗಂಧ ತೈಲಗಳೆಂದರೆ ಇಂಥವೇ. ಹತ್ತಾರು ಮೀಟರ್ ಉದ್ದದ, ಕೂದಲಿನಷ್ಟು ಸಪೂರ ರಂಧ್ರದ ನಳಿಗೆಯ ಒಳಗೋಡೆಗೆ ಪಾಲಿಎಥಿಲೀನ್ ಗ್ಲೈಕಾಲ್‌ನಂಥ ಲೇಪ ಹಚ್ಚಿ, ಹೀಲಿಯಂ ಅಥವಾ ಜಲಜನಕ ಹಾಯಿಸಿ, ಒಲೆಯ ಉಷ್ಣತೆ ನಿಧಾನವಾಗಿ ಏರಿಸಿದರೆ ಶ್ರೀಗಂಧದ ಎಣ್ಣೆ ತನ್ನ ಘಟಕಗಳನ್ನು ಒಂದೊಂದಾಗಿ ಬಿಟ್ಟುಕೊಡುತ್ತದೆ: ಮೊದಲು ಸಾಂಟಲೀನ್‌ಗಳು, ಬಳಿಕ ಆಲ್ಫಾ ಸಾಂಟಲಾಲ್, ಅದರ ಹಿಂದೆ ಬೀಟಾ ಸಾಂಟಲಾಲ್ ಮತ್ತು ಅವುಗಳ ನಂಟಿನ ಇತರ ಆಲ್ಕೊಹಾಲುಗಳು. 2002ರ ಅಂತರರಾಷ್ಟ್ರೀಯ ಮಾನಕ ಐಎಸ್‌ಒ 3518 ಪ್ರಕಾರ ಭಾರತೀಯ ಶ್ರೀಗಂಧದ ಎಣ್ಣೆಯಲ್ಲಿ ಆಲ್ಫಾ ಸಾಂಟಲಾಲ್ ಶೇ. 41ರಿಂದ 55, ಬೀಟಾ ಸಾಂಟಲಾಲ್ ಶೇ. 16ರಿಂದ 24 ಇರಬೇಕು. ಒಟ್ಟು ಆಲ್ಕೊಹಾಲು ಶೇ. 90 ಎಂಬ ಹಳೆಯ ಷರತ್ತಿಗೆ ಮರೆಮಾಚಿ ದಾಟಬಹುದಾಗಿದ್ದ ಬೆರಕೆ ಇಲ್ಲಿ ಸಿಕ್ಕಿಬೀಳುತ್ತದೆ. ಆಸ್ಟ್ರೇಲಿಯದ ಗಂಧದ ಜಾತಿಯ ಎಣ್ಣೆಯಲ್ಲಿ ಸಾಂಟಲಾಲ್‌ಗಳು ಕಡಿಮೆ, ಫಾರ್ನೆಸಾಲ್ ಮತ್ತು ಬಿಸಬೊಲಾಲ್ ಹೆಚ್ಚು. ಅದನ್ನು ಬೆರೆಸಿದರೆ ಪಟದಲ್ಲಿ ಆ ಶಿಖರಗಳೇ ಸಾಕ್ಷಿ ಹೇಳುತ್ತವೆ. ಹರಳೆಣ್ಣೆಯಂಥ ಆವಿಯಾಗದ ಬೆರಕೆ ಮಾತ್ರ ಈ ಯಂತ್ರದ ಕಣ್ಣಿಗೆ ಸುಲಭವಾಗಿ ಬೀಳದು; ಅದಕ್ಕೆ ಹಳೆಯ ಭೌತಿಕ ಪರೀಕ್ಷೆಗಳನ್ನೇ ಉಳಿಸಿಕೊಳ್ಳಬೇಕಾಯಿತು.

ಫ್ಲಾಸ್ಕಿನಿಂದ ಕಾಲಂಗೆ

ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರ ಮಾನಸಗಂಗೋತ್ರಿ 1960ರಲ್ಲಿ ಆರಂಭವಾಗುವ ಹೊತ್ತಿಗೆ ತೆಳುಪದರ ಕ್ರೊಮ್ಯಾಟೊಗ್ರಫಿ, ಅಂದರೆ ಟಿಎಲ್‌ಸಿ, ಜಗತ್ತಿನಲ್ಲಿ ಆಗತಾನೇ ನೆಲೆಗೊಳ್ಳುತ್ತಿತ್ತು. ಖಾರ್ಕಿವ್‌ನ ಇಜ್ಮೈಲೊವ್ ಮತ್ತು ಶ್ರೈಬರ್ 1938ರಲ್ಲೇ ಗಾಜಿನ ಮೇಲೆ ಅಲ್ಯುಮಿನಾ ಹರಡಿ ಪ್ರಯೋಗಿಸಿದ್ದರು. ಆದರೆ ಎಲ್ಲರ ಕೈಗೂ ಎಟುಕುವಂತೆ ಅದನ್ನು ಮಾನಕೀಕರಿಸಿದ್ದು 1950ರ ದಶಕದ ಉತ್ತರಾರ್ಧದಲ್ಲಿ ಜರ್ಮನಿಯ ಎಗೋನ್ ಸ್ಟಾಲ್. ಜಿಪ್ಸಂ ಬೆರೆಸಿದ ಸಿಲಿಕಾ ಜೆಲ್ ಪುಡಿಯನ್ನು ನೀರಲ್ಲಿ ಕಲಸಿ ಗಾಜಿಗೆ ಬಳಿದು ಒಲೆಯಲ್ಲಿ ಒಣಗಿಸಿದರೆ ಫಲಕ ಸಿದ್ಧ. ಅಲ್ಯುಮಿನಿಯಂ ಹಾಳೆಯ ಮೇಲೆ ಸಿದ್ಧವಾಗಿ ಬರುವ ಫಲಕಗಳು ಅಗ್ಗವಾಗುವವರೆಗೂ ಕಾಲೇಜುಗಳಲ್ಲಿ ಇದೇ ರೂಢಿ. ಕಾಗದಕ್ಕೆ ಇಲ್ಲದ ಒಂದು ಗುಣ ಇದಕ್ಕಿತ್ತು: ಗಂಧಕಾಮ್ಲ ಸಿಂಪಡಿಸಿ ಸುಟ್ಟರೂ ಫಲಕ ಕೆಡದು, ಸಾವಯವ ವಸ್ತುವಷ್ಟೇ ಕಪ್ಪಾಗಿ ಕಾಣುತ್ತದೆ.

ಕ್ರಿಯೆಯ ಹಿಂದೆ ಬೀಳಲು ಟಿಎಲ್‌ಸಿ ಬಳಸುವ ರೀತಿಗೆ ಹಳೆಯ ಅಸಿಟೈಲೀಕರಣವೇ ಒಳ್ಳೆಯ ಉದಾಹರಣೆ. ಸಾಂಟಲಾಲನ್ನು ಪಿರಿಡೀನ್‌ನಲ್ಲಿ ಅಸಿಟಿಕ್ ಅನ್‌ಹೈಡ್ರೈಡ್ ಜೊತೆ ಬಿಟ್ಟು, ಸ್ವಲ್ಪ ಹೊತ್ತಿಗೊಮ್ಮೆ ಗಾಜಿನ ಲೋಮನಾಳದ ತುದಿಯಿಂದ ಒಂದಿಷ್ಟು ತೆಗೆದು ಫಲಕಕ್ಕೆ ತಾಗಿಸುತ್ತಾರೆ. ಎಡಗಡೆ ಮೂಲವಸ್ತುವಿನ ಚುಕ್ಕೆ, ಬಲಗಡೆ ಕ್ರಿಯಾಮಿಶ್ರಣದ್ದು, ನಡುವೆ ಎರಡನ್ನೂ ಒಂದರ ಮೇಲೊಂದು ಇಟ್ಟ ಚುಕ್ಕೆ. ಮುಚ್ಚಿದ ಬೀಕರಿನಲ್ಲಿ ಹೆಕ್ಸೇನ್ ಮತ್ತು ಈಥೈಲ್ ಅಸಿಟೇಟ್ 9:1 ಪ್ರಮಾಣದಲ್ಲಿ ಇಟ್ಟು ಫಲಕ ನಿಲ್ಲಿಸಿದರೆ, ಹೈಡ್ರಾಕ್ಸಿಲ್‌ನಿಂದ ಸಿಲಿಕಾವನ್ನು ಹಿಡಿದುಕೊಳ್ಳುವ ಸಾಂಟಲಾಲ್ ಕೆಳಗೇ ಉಳಿಯುತ್ತದೆ, ಆ ಹಿಡಿತ ಕಳೆದುಕೊಂಡ ಅಸಿಟೇಟ್ ಮೇಲೇರುತ್ತದೆ. ಸಾಂಟಲಾಲ್ ನೇರಳಾತೀತ ದೀಪದ ಕೆಳಗೆ ಕಾಣದು. ಅಯೋಡಿನ್ ಹರಳಿರುವ ಜಾಡಿಯಲ್ಲಿ ಫಲಕ ಇಟ್ಟರೆ ಕಂದು ಚುಕ್ಕೆಗಳು ಮೂಡುತ್ತವೆ. ಕೆಳಗಿನ ಚುಕ್ಕೆ ಮಾಯವಾದಾಗ ಕ್ರಿಯೆ ಮುಗಿಯಿತು. ನಡುವಿನ ಜಂಟಿ ಚುಕ್ಕೆ ಇಡುವ ಶಿಸ್ತನ್ನು ವಿದ್ಯಾರ್ಥಿಗಳು ಬಹಳ ಬೇಗ ಕೈಬಿಡುತ್ತಾರೆ. ಹತ್ತಿರದ ಎರಡು ಚುಕ್ಕೆಗಳು ಒಂದೆಯೋ ಎರಡೋ ಎಂದು ತೀರ್ಮಾನಿಸಲು ಅದೊಂದೇ ಅಗ್ಗದ ದಾರಿ.

ಆದರೂ ಈ ಫಲಕದಲ್ಲಿ ಆಲ್ಫಾ, ಬೀಟಾ ಎಂಬ ಭೇದ ತೋರದು. ಸಿಲಿಕಾಕ್ಕೆ ಬೆಳ್ಳಿಯ ನೈಟ್ರೇಟ್ ಉಣಿಸಿದರೆ ಚಿತ್ರ ಬದಲಾಗುತ್ತದೆ. ಬೆಳ್ಳಿಯ ಅಯಾನು ದ್ವಿಬಂಧವನ್ನು ಹಿಡಿದುಕೊಳ್ಳುವುದರಿಂದ ಎರಡು ದ್ವಿಬಂಧವಿರುವ ಬೀಟಾ ಹಿಂದೆ ಬೀಳುತ್ತದೆ.

ವಿಶ್ಲೇಷಣೆ ಮುಗಿದ ಮೇಲೆ ಪ್ರತ್ಯೇಕಿಸುವ ಕೆಲಸ. ಗಾಜಿನ ಕಾಲಂನ ತಳಕ್ಕೆ ಹತ್ತಿ, ಅದರ ಮೇಲೆ ಹೆಕ್ಸೇನಿನಲ್ಲಿ ಕಲಸಿದ ಸಿಲಿಕಾ ಜೆಲ್ ಸುರಿದು ಗುಳ್ಳೆಯಿಲ್ಲದಂತೆ ತಟ್ಟಿ ಕೂರಿಸುತ್ತಾರೆ. ಮಿಶ್ರಣವನ್ನು ಮೇಲೆ ಹಾಕಿ, ಈಥೈಲ್ ಅಸಿಟೇಟಿನ ಪಾಲನ್ನು ಮೆಲ್ಲಗೆ ಹೆಚ್ಚಿಸುತ್ತಾ ಇಳಿಸಿ, ಪರೀಕ್ಷಾ ನಾಳಗಳಲ್ಲಿ ಸಾಲಾಗಿ ಹಿಡಿಯುತ್ತಾರೆ. ಯಾವ ನಾಳದಲ್ಲಿ ಏನಿದೆ ಎಂದು ನೋಡಲು ಮತ್ತೆ ಟಿಎಲ್‌ಸಿ. ಭಾರತದ ಪ್ರಯೋಗಾಲಯಗಳಲ್ಲಿ 60–120 ಮೆಶ್ ಸಿಲಿಕಾ ಸರ್ವೇಸಾಮಾನ್ಯ. ಕಣ ದಪ್ಪವಾದ್ದರಿಂದ ದ್ರಾವಕ ತಾನಾಗಿ ಇಳಿಯುತ್ತದೆ, ಹೊತ್ತು ಹಿಡಿಯುತ್ತದೆ. 1978ರಲ್ಲಿ ಡಬ್ಲ್ಯು. ಕ್ಲಾರ್ಕ್ ಸ್ಟಿಲ್, ಮೈಕೆಲ್ ಕಾನ್ ಮತ್ತು ಅಭಿಜಿತ್ ಮಿತ್ರ ಪ್ರಕಟಿಸಿದ ಫ್ಲಾಶ್ ವಿಧಾನದಲ್ಲಿ 230–400 ಮೆಶ್‌ನ ಸಣ್ಣ ಕಣಗಳ ಮೇಲೆ ಗಾಳಿಯ ಒತ್ತಡ ಹಾಕಿ, ನಿಮಿಷಕ್ಕೆ 2 ಅಂಗುಲ ವೇಗದಲ್ಲಿ ದ್ರಾವಕ ಇಳಿಸಲಾಗುತ್ತದೆ. ಬೇಕಾದ ವಸ್ತು ಟಿಎಲ್‌ಸಿಯಲ್ಲಿ ಸುಮಾರು 0.35 ಆರ್‌ಎಫ್ (ದ್ರಾವಕ ಸಾಗಿದ ದೂರಕ್ಕೆ ಚುಕ್ಕೆ ಸಾಗಿದ ದೂರದ ಅನುಪಾತ) ತೋರುವಂತೆ ದ್ರಾವಕ ಆರಿಸಿಕೊಳ್ಳಬೇಕೆಂಬ ಅವರ ಸೂಚನೆಯನ್ನು ಸಂಶ್ಲೇಷಣಾ ಪ್ರಯೋಗಾಲಯಗಳು ಇಂದಿಗೂ ಪಾಲಿಸುತ್ತವೆ. ದಿನಗಟ್ಟಲೆ ಹಿಡಿಯುತ್ತಿದ್ದ ಕೆಲಸ ಅರ್ಧ ಗಂಟೆಗೆ ಇಳಿಯಿತು.

ಬೇರ್ಪಟ್ಟ ಭಾಗವನ್ನು ಒಣಗಿಸಿದ ಮೇಲೆ ಹೆಸರಿನ ಪ್ರಶ್ನೆ ಬರುತ್ತದೆ. ಅದಕ್ಕೆ ಎನ್‌ಎಂಆರ್, ದ್ರವ್ಯರಾಶಿ ರೋಹಿತ, ಅವಕೆಂಪು ರೋಹಿತಗಳಿವೆ. ಆದರೆ ಅವುಗಳ ಉತ್ತರ ಕಾಲಂನಿಂದ ಇಳಿದ ವಸ್ತುವಿನ ಬಗ್ಗೆ, ಫ್ಲಾಸ್ಕಿನಲ್ಲಿದ್ದುದರ ಬಗ್ಗೆ ಅಲ್ಲ. ಸಿಲಿಕಾ ಮಂದ ಆಮ್ಲೀಯ ಪುಡಿ. ಅಸಿಟಲ್, ಸಿಲೈಲ್ ಈಥರ್, ಕೆಲವು ಎಪಾಕ್ಸೈಡ್‌ಗಳಂಥ ಸೂಕ್ಷ್ಮ ವಸ್ತುಗಳು ಅದರ ಮೇಲೆ ಇಳಿಯುವಾಗಲೇ ಬದಲಾಗಬಹುದು. ವಿಲ್‌ಸ್ಟೆಟರ್ ಕಾಲದ ಶಂಕೆಗೆ ಇಷ್ಟು ಆಧಾರ ಇದ್ದೇ ಇದೆ. ಪರಿಹಾರವಾಗಿ ದ್ರಾವಕಕ್ಕೆ ಶೇ. 1ರಷ್ಟು ಟ್ರೈಎಥಿಲಮೀನ್ ಬೆರೆಸುತ್ತಾರೆ, ಇಲ್ಲವೇ ಸಿಲಿಕಾ ಬಿಟ್ಟು ತಟಸ್ಥ ಅಲ್ಯುಮಿನಾ ಬಳಸುತ್ತಾರೆ. ವಸ್ತು ಕೆಡುತ್ತದೆಯೋ ಇಲ್ಲವೋ ಎಂದು ಮುಂಚೆಯೇ ತಿಳಿಯಲು ಚೌಕ ಫಲಕದ ಒಂದು ಮೂಲೆಯಲ್ಲಿ ಚುಕ್ಕೆ ಇಟ್ಟು ಒಂದು ದಿಕ್ಕಿನಲ್ಲಿ ಓಡಿಸಿ, ಒಣಗಿಸಿ, ಸ್ವಲ್ಪ ಹೊತ್ತು ಬಿಟ್ಟು, ಕಾಲು ಸುತ್ತು ತಿರುಗಿಸಿ ಅದೇ ದ್ರಾವಕದಲ್ಲಿ ಮತ್ತೆ ಓಡಿಸುತ್ತಾರೆ. ಕೆಡದ ವಸ್ತುಗಳೆಲ್ಲ ಮೂಲೆಯಿಂದ ಮೂಲೆಗೆ ಎಳೆದ ಕರ್ಣದ ಮೇಲೆ ನಿಲ್ಲುತ್ತವೆ. ಕರ್ಣದಿಂದ ಆಚೀಚೆ ಸರಿದ ಚುಕ್ಕೆ ಫಲಕದ ಮೇಲೆಯೇ ಹುಟ್ಟಿದ್ದು.